ರಿಪೋರ್ಟ್ ನಾರ್ಮಲ್, ದಮ್ಮು ಮಾತ್ರ ಹಾಗೇ

ಮಂಗಳೂರಿನ ಶಕ್ತಿನಗರದಲ್ಲಿ ಸಮತಟ್ಟು ರಸ್ತೆ ಕಡಿಮೆ. ಗುಡ್ಡದ ಮೈಮೇಲೆ ಬೆಳೆದ ಬಡಾವಣೆ ಅದು. ವಿಶ್ವ ಕೊಂಕಣಿ ಕೇಂದ್ರದ ಕಾರ್ಯಕ್ರಮಕ್ಕೆ ಹೋಗುವುದಿರಲಿ, ಮೂಲೆಯ ಅಂಗಡಿಯಿಂದ ಹಾಲು ತರುವುದಿರಲಿ, ಹೋಗುವಾಗ ಇಳಿದರೆ ಬರುವಾಗ ಹತ್ತಬೇಕು. ಹೃದಯ ಸೋಲತೊಡಗಿದವರಿಗೆ ಇಂಥ ಊರಿನಲ್ಲಿ ಮೊದಲ ಸುಳಿವು ಸಿಗುವುದು ಏರಿನ ನಡುವೆ. ಹೋದ ವರ್ಷ ಒಂದೇ ಸಮನೆ ಹತ್ತುತ್ತಿದ್ದ ದಾರಿಯಲ್ಲಿ ಈ ವರ್ಷ ಯಾರದೋ ಕಾಂಪೌಂಡ್ ಗೋಡೆ ಹಿಡಿದು ನಿಲ್ಲಬೇಕಾಗುತ್ತದೆ.

ಈ ಸುಳಿವು ಡಾಕ್ಟರ ಕೋಣೆಯವರೆಗೆ ಬರುವುದೇ ಇಲ್ಲ ಎನ್ನುವುದು ಕಷ್ಟದ ಸಂಗತಿ. "ನಡೆದರೆ ದಮ್ಮು ಕಟ್ತದಾ ಅಮ್ಮಾ?" ಎಂದು ಡಾಕ್ಟರು ಕೇಳುತ್ತಾರೆ. "ಇಲ್ಲ ಡಾಕ್ಟ್ರೇ" ಎಂಬ ಉತ್ತರ ಬರುತ್ತದೆ. ಅದು ಸುಳ್ಳಲ್ಲ. ಅಮ್ಮ ಈಗ ಏರು ಹತ್ತುವುದೇ ಇಲ್ಲ. ಬಸ್ಸಿಳಿದು ರಿಕ್ಷಾ ಹಿಡಿಯುತ್ತಾರೆ, ಹಾಲು ತರಲು ಮೊಮ್ಮಗ ಹೋಗುತ್ತಾನೆ, ಮದುವೆ ಮನೆಯಲ್ಲಿ ಕೂತ ಕುರ್ಚಿಯಿಂದ ಏಳುವುದಿಲ್ಲ. ಹೃದಯ ವೈಫಲ್ಯದ ತೀವ್ರತೆಯನ್ನು ನಾಲ್ಕು ದರ್ಜೆಗಳಲ್ಲಿ ಅಳೆಯುವ ಕ್ರಮವನ್ನು ನ್ಯೂಯಾರ್ಕ್ ಹಾರ್ಟ್ ಅಸೋಸಿಯೇಷನ್ 1928ರಲ್ಲಿ ರೂಪಿಸಿತು. ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿರುವುದು ಅದೇ. ದಿನನಿತ್ಯದ ಕೆಲಸದಲ್ಲಿ ಆಯಾಸವಾಗುತ್ತದೆಯೇ ಎಂಬುದು ಅದರ ತಿರುಳು. ದಿನನಿತ್ಯದ ಕೆಲಸವನ್ನೇ ಒಂದೊಂದಾಗಿ ಬಿಟ್ಟವರು ಈ ಲೆಕ್ಕದಲ್ಲಿ ಆರೋಗ್ಯವಂತರಾಗಿ ಕಾಣುತ್ತಾರೆ.

ಹೃದಯ ವೈಫಲ್ಯ ಎಂದರೆ ಹೃದಯ ನಿಂತುಹೋಗುವುದಲ್ಲ, ಹಾರ್ಟ್ ಅಟ್ಯಾಕೂ ಅಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ಹೊಂದಿಸಿಕೊಡಲು ಹೃದಯಕ್ಕೆ ಆಗದಿರುವ ಸ್ಥಿತಿ ಅದು. ಆಗ ಮೂತ್ರಪಿಂಡಗಳು ಉಪ್ಪು, ನೀರು ಎರಡನ್ನೂ ಹಿಡಿದಿಟ್ಟುಕೊಳ್ಳತೊಡಗುತ್ತವೆ. ನೀರು ಕಾಲಿಗೆ ಇಳಿದರೆ ಬಾವು, ಶ್ವಾಸಕೋಶಕ್ಕೆ ಏರಿದರೆ ದಮ್ಮು. ರಾತ್ರಿ ಮಲಗಿದರೆ ಉಸಿರು ಕಟ್ಟಿ, ತಲೆದಿಂಬುಗಳ ಸಂಖ್ಯೆ ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಏರುತ್ತದೆ. ಈ ಕಾಯಿಲೆಗೂ ಸಕ್ಕರೆ ಕಾಯಿಲೆಗೂ ಇರುವ ನಂಟು ಗಂಡಸರಲ್ಲಿ ಒಂದು ಬಗೆ, ಹೆಂಗಸರಲ್ಲಿ ಇನ್ನೊಂದು ಬಗೆ.

ಇದನ್ನು ಮೊದಲು ಅಂಕಿಅಂಶಗಳಲ್ಲಿ ತೋರಿಸಿದ್ದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ಎಂಬ ಊರು. 1948ರಲ್ಲಿ ಅಲ್ಲಿನ 5,209 ಮಂದಿ ಗಂಡಸರು, ಹೆಂಗಸರನ್ನು ನೋಂದಾಯಿಸಿಕೊಂಡು, ಎರಡೆರಡು ವರ್ಷಕ್ಕೊಮ್ಮೆ ತಪಾಸಣೆ ಮಾಡುತ್ತಾ ಬರುವ ಅಧ್ಯಯನ ಶುರುವಾಯಿತು. ಬಿಪಿ, ಕೊಲೆಸ್ಟರಾಲ್, ಧೂಮಪಾನ ಇವುಗಳಿಂದ ಹೃದಯಕ್ಕೆ ಅಪಾಯ ಎಂದು ಇಂದು ನಮ್ಮ ಮನೆಮಂದಿಯೆಲ್ಲ ಹೇಳುವ ಮಾತಿನ ಮೂಲ ಬಹುಪಾಲು ಅಲ್ಲಿಯದು. ಅದರ ಮುಖ್ಯಸ್ಥರಾಗಿದ್ದ ವಿಲಿಯಂ ಕ್ಯಾನೆಲ್ ಮತ್ತು ಸಂಗಡಿಗರು 18 ವರ್ಷಗಳ ಮಾಹಿತಿಯನ್ನು ಮುಂದಿಟ್ಟುಕೊಂಡು 1974ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಸಕ್ಕರೆ ಕಾಯಿಲೆಯಿರುವ ಗಂಡಸರಿಗೆ ಹೃದಯ ವೈಫಲ್ಯ ಬರುವ ಸಂಭವ, ಕಾಯಿಲೆಯಿಲ್ಲದ ಗಂಡಸರಿಗಿಂತ ಎರಡು ಪಟ್ಟಿಗೂ ಮೀರಿ ಹೆಚ್ಚಿತ್ತು. ಹೆಂಗಸರಲ್ಲಿ ಅದು ಐದು ಪಟ್ಟು. ವಯಸ್ಸು, ಬಿಪಿ, ತೂಕ, ಕೊಲೆಸ್ಟರಾಲ್ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಅಪಾಯ ಉಳಿದೇ ಇತ್ತು.

ಐದು ಪಟ್ಟು ಎಂಬ ಸಂಖ್ಯೆ ಆಮೇಲಿನ ಅಧ್ಯಯನಗಳಲ್ಲಿ ಹಾಗೇ ನಿಲ್ಲಲಿಲ್ಲ. ಅದನ್ನು ಹೇಳಿಬಿಡುವುದೇ ಸರಿ. 2019ರಲ್ಲಿ ತೋಶಿಯಾಕಿ ಒಕುಮಾ ಮತ್ತು ಸಂಗಡಿಗರು 47 ಅಧ್ಯಯನಗಳ, ಸುಮಾರು ಒಂದು ಕೋಟಿ ಇಪ್ಪತ್ತು ಲಕ್ಷ ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದರು. ಹೆಚ್ಚಾಗಿ ಎಳವೆಯಲ್ಲಿ ಬರುವ, ಇನ್ಸುಲಿನ್ ಇಲ್ಲದೆ ಬದುಕಲಾಗದ ಟೈಪ್ 1 ಸಕ್ಕರೆ ಕಾಯಿಲೆಯಲ್ಲಿ ಹೆಂಗಸರ ಹೆಚ್ಚುವರಿ ಅಪಾಯ ಗಂಡಸರದ್ದಕ್ಕಿಂತ 47% ಜಾಸ್ತಿ ಇತ್ತು. ನಮ್ಮಲ್ಲಿ ಮನೆಮನೆಗೂ ಬಂದಿರುವ ಟೈಪ್ 2ರಲ್ಲಿ ಈ ಅಂತರ 9%. ಚಿಕ್ಕದಾಗಿ ಕಾಣುವ 9ನ್ನು ಭಾರತದ ಜನಸಂಖ್ಯೆಯ ಎದುರು ಇಟ್ಟು ನೋಡಬೇಕು: 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿ 10 ಲಕ್ಷ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಹತ್ತಿರದ್ದು. ಹೃದಯ ವೈಫಲ್ಯ ಈಗಾಗಲೇ ಬಂದಾಗಿದೆ. ಜೊತೆಗೆ ಸಕ್ಕರೆಯೂ ಇದೆ. ಆಗ ಗಂಡು–ಹೆಣ್ಣಿನ ನಡುವೆ ವ್ಯತ್ಯಾಸವಿದೆಯೇ? ಮ್ಯಾಜಿಕ್ ಎಂಬ ಹೆಸರಿನ ಅಂತರರಾಷ್ಟ್ರೀಯ ಗುಂಪು 31 ಅಧ್ಯಯನಗಳಿಂದ ಸುಮಾರು 42 ಸಾವಿರ ಹೃದಯ ವೈಫಲ್ಯದ ರೋಗಿಗಳ ದಾಖಲೆ ಕಲೆಹಾಕಿ 2012ರಲ್ಲಿ ಉತ್ತರ ಕೊಟ್ಟಿತು. ಸಾಮಾನ್ಯವಾಗಿ ಹೃದಯ ವೈಫಲ್ಯವಿರುವ ಹೆಂಗಸರು ಅದೇ ಕಾಯಿಲೆಯ ಗಂಡಸರಿಗಿಂತ ಹೆಚ್ಚು ಕಾಲ ಬದುಕುತ್ತಾರೆ. ಸಕ್ಕರೆ ಕಾಯಿಲೆ ಇದ್ದರೆ ಈ ಮೇಲುಗೈ ಕುಗ್ಗುತ್ತದೆ. ಪ್ರಕೃತಿ ಹೆಣ್ಣಿಗೆ ಕೊಟ್ಟ ರಿಯಾಯಿತಿಯನ್ನು ಸಕ್ಕರೆ ವಾಪಸು ಕಿತ್ತುಕೊಳ್ಳುತ್ತದೆ. ಈ ಅಧ್ಯಾಯದ ಮುಖ್ಯ ವಿಷಯ ಇಷ್ಟೇ. ಅದು ಹೇಗೆ ಕಿತ್ತುಕೊಳ್ಳುತ್ತದೆ ಎಂಬುದು ಕುತೂಹಲದ ಕಥೆ.

ಕಥೆ ಎಕೋ ರಿಪೋರ್ಟಿನಿಂದ ಶುರುವಾಗಬೇಕು. ಆ ಹಾಳೆಯಲ್ಲಿ ಎಲ್ಲರ ಕಣ್ಣು ಹುಡುಕುವುದು 'ಇಎಫ್' ಎಂಬ ಒಂದು ಸಂಖ್ಯೆಯನ್ನು. "ಪಂಪಿಂಗ್ ಎಷ್ಟುಂಟು?" ಎಂದು ಮನೆಯವರು ಕೇಳುವುದೂ ಅದನ್ನೇ. ಹೃದಯದ ಎಡ ಹೃತ್ಕುಕ್ಷಿಯಲ್ಲಿ ತುಂಬಿದ ರಕ್ತದಲ್ಲಿ ಶೇಕಡಾ ಎಷ್ಟು ಒಂದು ಬಡಿತಕ್ಕೆ ಹೊರಗೆ ಹೋಗುತ್ತದೆ ಎಂಬ ಲೆಕ್ಕ ಅದು. 40 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಪಂಪಿಂಗ್ ಕುಗ್ಗಿದೆ ಎಂದರ್ಥ. 50 ದಾಟಿದರೆ ಸರಿಯಿದೆ ಎನ್ನುತ್ತಾರೆ. ಈಗ ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಒಂದು ಹೃದಯದಲ್ಲಿ 100 ಮಿಲಿಲೀಟರ್ ರಕ್ತ ತುಂಬಿ, 60 ಹೊರಗೆ ಹೋಯಿತು ಎಂದುಕೊಳ್ಳಿ. ಇಎಫ್ 60. ಇನ್ನೊಂದು ಹೃದಯದ ಗೋಡೆ ಬಿಗಿದುಕೊಂಡಿದೆ, ಸರಿಯಾಗಿ ಸಡಿಲವಾಗುವುದಿಲ್ಲ. ಅದರಲ್ಲಿ ತುಂಬಿದ್ದೇ 70, ಹೊರಗೆ ಹೋದದ್ದು 42. ಇಲ್ಲಿಯೂ ಇಎಫ್ 60. ಬಡಿತಕ್ಕೆ 18 ಮಿಲಿಲೀಟರ್ ಕಡಿಮೆ ಸಿಕ್ಕಿದ ದೇಹ ಏರಿನಲ್ಲಿ ದಮ್ಮು ಕಟ್ಟಿ ನಿಲ್ಲುತ್ತದೆ. ಹಾಳೆಯ ಮೇಲಿನ ಸಂಖ್ಯೆ ಮಾತ್ರ ಎರಡೂ ಕಡೆ ಒಂದೇ.

ಈ ಎರಡನೆಯ ಬಗೆಯ ಹೃದಯ ವೈಫಲ್ಯ ಹೆಂಗಸರಲ್ಲಿ ಹೆಚ್ಚು. ಗಂಡಸರಲ್ಲಿ ಸಾಮಾನ್ಯವಾಗಿ ರಕ್ತನಾಳ ಕಟ್ಟಿ, ಹಾರ್ಟ್ ಅಟ್ಯಾಕ್ ಆಗಿ, ಸ್ನಾಯುವಿನ ಒಂದು ಭಾಗ ಸತ್ತು ಪಂಪಿಂಗ್ ಇಳಿಯುತ್ತದೆ. ಅದು ಸದ್ದು ಮಾಡುವ ಕಾಯಿಲೆ; ಎದೆ ಹಿಡಿದುಕೊಂಡು ಕುಸಿಯುತ್ತಾರೆ, ಆಂಬುಲೆನ್ಸ್ ಬರುತ್ತದೆ, ಸ್ಟೆಂಟ್ ಹಾಕುತ್ತಾರೆ. ಹೆಂಗಸರಲ್ಲಿ ಅನೇಕ ಬಾರಿ ದೊಡ್ಡ ರಕ್ತನಾಳಗಳು ಚೆನ್ನಾಗಿಯೇ ಇರುತ್ತವೆ. ಕೆಡುವುದು ಕೂದಲೆಳೆಗಿಂತ ಸಪೂರವಾದ ಲೋಮನಾಳಗಳು ಮತ್ತು ಹೃದಯದ ಗೋಡೆ. ನೆನೆಸಿದ ಅಡಿಕೆ ಹಾಳೆ ಮುಟ್ಟಾಳೆ ಎಂಬ ಟೊಪ್ಪಿಗೆ ಬೇಕಾದಂತೆ ಬಾಗುತ್ತದೆ, ಒಣಗಿದ್ದು ಬಾಗುವುದಿಲ್ಲ; ಬಿಗಿದ ಹೃದಯದ ಸ್ಥಿತಿಯೂ ಅದೇ.

ಗೋಡೆಯನ್ನು ಹೀಗೆ ಬಿಗಿಯಾಗಿಸುವುದರಲ್ಲಿ ಸಕ್ಕರೆಯ ಪಾಲು ದೊಡ್ಡದು. ರಕ್ತದಲ್ಲಿ ವರ್ಷಗಟ್ಟಲೆ ಹೆಚ್ಚಿರುವ ಗ್ಲೂಕೋಸ್, ಸ್ನಾಯುಗಳ ನಡುವಿನ ಕೊಲಾಜನ್ ಎಂಬ ನಾರಿಗೆ ಅಂಟಿಕೊಂಡು, ನಾರಿಗೆ ನಾರನ್ನು ಬೆಸೆಯುತ್ತದೆ. ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡಿ ತನ್ನನ್ನು ಹಿಗ್ಗಿಸಿಕೊಳ್ಳುವ ಶಕ್ತಿ ಕಳೆದುಕೊಳ್ಳುತ್ತದೆ. ಇನ್ಸುಲಿನ್‌ಗೆ ಕಿವಿಗೊಡದ ಹೃದಯದ ಜೀವಕೋಶಗಳು ಗ್ಲೂಕೋಸ್ ಬಿಟ್ಟು ಕೊಬ್ಬನ್ನೇ ಉರಿಸತೊಡಗುತ್ತವೆ. ಅಷ್ಟೇ ಕೆಲಸಕ್ಕೆ ಹೆಚ್ಚು ಆಮ್ಲಜನಕ ಬೇಡುತ್ತವೆ. ನ್ಯೂಯಾರ್ಕಿನ ಶರ್ಲಿ ರೂಬ್ಲರ್ ಮತ್ತು ಸಂಗಡಿಗರು 1972ರಲ್ಲಿ ಸಕ್ಕರೆ ಕಾಯಿಲೆಯಿದ್ದ ನಾಲ್ವರ ಮರಣೋತ್ತರ ಪರೀಕ್ಷೆಯನ್ನು ವಿವರಿಸಿದರು. ನಾಲ್ವರೂ ಹೃದಯ ವೈಫಲ್ಯದಿಂದ ಸತ್ತವರು, ಆದರೆ ಅದಕ್ಕೆ ಕಾರಣವಾಗಬಹುದಾದ ರಕ್ತನಾಳದ ತಡೆ ಯಾರಲ್ಲೂ ಇರಲಿಲ್ಲ. ಸಕ್ಕರೆ ನೇರವಾಗಿ ಹೃದಯದ ಸ್ನಾಯುವಿಗೇ ಕೈಹಾಕಬಲ್ಲದು ಎಂಬ ಅರಿವು ಅಲ್ಲಿಂದ ಬೆಳೆಯಿತು.

ಹೆಣ್ಣು ಹೃದಯಕ್ಕೆ ಇದು ಹೆಚ್ಚು ತಟ್ಟುತ್ತದೆ ಎಂಬುದನ್ನು ಮತ್ತೆ ಫ್ರೇಮಿಂಗ್‌ಹ್ಯಾಮೇ ತೋರಿಸಿತು. 2003ರಲ್ಲಿ ಅಲ್ಲಿನ ಸಂಶೋಧಕರು ಎಕೋ ಚಿತ್ರಗಳನ್ನು ರಕ್ತದ ಗ್ಲೂಕೋಸ್ ಜೊತೆ ತಾಳೆ ನೋಡಿದಾಗ, ಗ್ಲೂಕೋಸ್ ನಿಯಂತ್ರಣ ಹದಗೆಟ್ಟಂತೆ ಎಡ ಹೃತ್ಕುಕ್ಷಿಯ ತೂಕ ಮತ್ತು ಗೋಡೆಯ ದಪ್ಪ ಹೆಂಗಸರಲ್ಲಿ ಎದ್ದು ಕಾಣುವಂತೆ ಏರಿತ್ತು. ಗಂಡಸರಲ್ಲಿ ಆ ಏರಿಕೆ ಅಷ್ಟಿರಲಿಲ್ಲ. ಮುಟ್ಟು ನಿಲ್ಲುವವರೆಗೆ ಈಸ್ಟ್ರೊಜೆನ್ ಹಾರ್ಮೋನು ರಕ್ತನಾಳಗಳನ್ನು ಕಾಯುತ್ತದೆ. ಸಕ್ಕರೆ ಬಂದರೆ ಆ ಕಾವಲು ಮುಟ್ಟು ನಿಲ್ಲುವ ಮೊದಲೇ ಸಡಿಲವಾಗುತ್ತದೆ. ಭಾರತದ ಹೆಂಗಸರಿಗೆ ಮುಟ್ಟು ನಿಲ್ಲುವುದೂ ಪಶ್ಚಿಮದವರಿಗಿಂತ ಬೇಗ, 46ರ ಆಸುಪಾಸು.

ಹೆಂಗಸರಲ್ಲಿ ಸಕ್ಕರೆ ತಡವಾಗಿ ಕಾಣಿಸಿಕೊಳ್ಳುವುದೂ ಒಂದು ಕಾರಣ. ಸ್ಕಾಟ್ಲೆಂಡಿನಲ್ಲಿ ಸುಮಾರು 95 ಸಾವಿರ ಸಕ್ಕರೆ ರೋಗಿಗಳ ದಾಖಲೆ ನೋಡಿದ ಜೆನಿಫರ್ ಲೋಗ್ ಅವರ ತಂಡ 2011ರಲ್ಲಿ ಬರೆದದ್ದು ಇದು: ಕಾಯಿಲೆ ಪತ್ತೆಯಾದಾಗ ಗಂಡಸರ ದೇಹ ದ್ರವ್ಯರಾಶಿ ಸೂಚ್ಯಂಕ, ಅಂದರೆ ಬಿಎಂಐ, ಸರಾಸರಿ 31.8, ಹೆಂಗಸರದ್ದು 33.7. ಹೆಣ್ಣು ದೇಹ ಕೊಬ್ಬನ್ನು ತೊಡೆ, ಸೊಂಟಗಳಲ್ಲಿ ಶೇಖರಿಸಿಕೊಂಡು ಬಹಳ ಕಾಲ ತಾಳಿಕೊಳ್ಳುತ್ತದೆ. ತಾಳಿಕೆ ಮುಗಿದು ಸಕ್ಕರೆ ಬಂತು ಎನ್ನುವಷ್ಟರಲ್ಲಿ ಬಿಪಿ, ಕೊಬ್ಬು, ರಕ್ತನಾಳದ ಒಳಪದರ ಎಲ್ಲವೂ ಗಂಡಸಿನದಕ್ಕಿಂತ ಹೆಚ್ಚು ಕೆಟ್ಟಿರುತ್ತವೆ.

ಆದರೂ ಹೆಣ್ಣಿಗೆ ಮುಂಚಿತವಾಗಿ ಒಂದು ಎಚ್ಚರಿಕೆ ಸಿಗುತ್ತದೆ, ಗಂಡಿಗೆ ಸಿಗದ್ದು. ಅದು ಬಸಿರು. ಇದರ ಬಗ್ಗೆ ದೇಶದಲ್ಲೇ ಅಪರೂಪದ ಮಾಹಿತಿ ನಮ್ಮ ಮೈಸೂರಿನಲ್ಲಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆಯಲ್ಲಿ, 1997–98ರಲ್ಲಿ ಗರ್ಭಿಣಿಯರಿಗೆ ಗ್ಲೂಕೋಸ್ ಪರೀಕ್ಷೆ ಮಾಡಿ, ಹುಟ್ಟಿದ ಮಕ್ಕಳನ್ನೂ ತಾಯಂದಿರನ್ನೂ ವರ್ಷಗಳ ಕಾಲ ಹಿಂಬಾಲಿಸಿದ ಅಧ್ಯಯನಕ್ಕೆ ಪಾರ್ಥೆನಾನ್ ಎಂದು ಹೆಸರು. ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು ಐದು ವರ್ಷದ ನಂತರ ತಾಯಂದಿರನ್ನು ಮತ್ತೆ ಪರೀಕ್ಷಿಸಿದರು. ಬಸಿರಿನಲ್ಲಿ ಸಕ್ಕರೆ ಕಂಡುಬಂದಿದ್ದ 35 ಮಂದಿಯಲ್ಲಿ 37% ಜನರಿಗೆ ಅಷ್ಟರಲ್ಲಿ ಪೂರ್ಣ ಪ್ರಮಾಣದ ಸಕ್ಕರೆ ಕಾಯಿಲೆ ಬಂದಿತ್ತು. ಉಳಿದ ತಾಯಂದಿರಲ್ಲಿ ಅದು 2% ಮಾತ್ರ. ಗುಂಪು ಚಿಕ್ಕದು, ಅಂತರ ಅಗಾಧ. ಹೆರಿಗೆಯಾದ ಮೇಲೆ "ಶುಗರ್ ಹೋಯ್ತು" ಎಂದು ಎಲ್ಲರೂ ನಿರಾಳವಾಗುವ ಹೊತ್ತಿಗೆ, ಬಾಣಂತಿ ತವರಿನಿಂದ ಗಂಡನ ಮನೆಗೆ ಮರಳುತ್ತಾಳೆ. ತಾಯಿ ಕಾರ್ಡ್ ಕಪಾಟು ಸೇರುತ್ತದೆ. ಆರು ವಾರದ ನಂತರ ಮಾಡಿಸಬೇಕಾದ ಗ್ಲೂಕೋಸ್ ಪರೀಕ್ಷೆ ಮಗುವಿನ ಚುಚ್ಚುಮದ್ದಿನ ದಿನಾಂಕಗಳ ನಡುವೆ ಮರೆತುಹೋಗುತ್ತದೆ. ಇಪ್ಪತ್ತೈದು ವರ್ಷ ಕಳೆದು ಕಾಲು ಬಾತು ಬಂದವಳನ್ನು "ಬಸುರಿಯಾಗಿದ್ದಾಗ ಶುಗರ್ ಇತ್ತಾ?" ಎಂದು ಹೃದಯದ ಡಾಕ್ಟರು ಕೇಳಿದರೆ ಖರ್ಚಿಲ್ಲದೆ ಸಿಗುವ ಮಾಹಿತಿ ಅದು.

ದಕ್ಷಿಣ ಕನ್ನಡದಲ್ಲಿ ಕಾಯಿಲೆ ಅಡಗಿಕೊಳ್ಳಲು ಇನ್ನೂ ಕೆಲವು ಜಾಗಗಳಿವೆ. ಈ ಜಿಲ್ಲೆಯ ಸಾವಿರಾರು ಮನೆಗಳು ಬೀಡಿಯ ದುಡಿಮೆಯಿಂದ ಮೇಲೆದ್ದವು. ಮಕ್ಕಳ ಫೀಸು, ಮಗಳ ಚಿನ್ನ ಎಲ್ಲವೂ ಅಮ್ಮನ ಬೆರಳ ತುದಿಯಿಂದಲೇ ಬಂದವು. ಮಡಿಲಲ್ಲಿ ತಡ್ಪೆ, ಅದರಲ್ಲಿ ಎಲೆ, ಹೊಗೆಸೊಪ್ಪಿನ ಹುಡಿ, ನೂಲು. ಕೂಲಿ ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕದಲ್ಲಿ, ಆದ್ದರಿಂದ ಕೂತಲ್ಲಿಂದ ಏಳುವಂತಿಲ್ಲ. ಸಂಜೆ ಬ್ರಾಂಚಿಗೆ ಬೀಡಿ ಕೊಡಲು ಹೊರಟಾಗ ಪಾದ ಬಾತಿದ್ದರೆ "ದಿನವಿಡೀ ಕೂತದ್ದಕ್ಕೆ" ಎಂಬ ಉತ್ತರ ಸಿದ್ಧವಿದೆ. ಉಸಿರು ಕಟ್ಟಿದರೆ "ಹುಡಿಯಿಂದ". ಎದೆ ಭಾರವಾದರೆ "ಗ್ಯಾಸ್ಟ್ರಿಕ್". ಒಂದೊಂದು ಕಾರಣವೂ ನಂಬುವಂಥದ್ದೇ ಆದ್ದರಿಂದ ನಾಲ್ಕನೆಯ ಕಾರಣವನ್ನು ಯಾರೂ ಹುಡುಕುವುದಿಲ್ಲ. ಸಕ್ಕರೆಯಿಂದ ನರಗಳು ಮಂಕಾದವರಿಗೆ ಹಾರ್ಟ್ ಅಟ್ಯಾಕಿನ ನೋವೂ ಸ್ಪಷ್ಟವಾಗಿ ತಿಳಿಯದಿರಬಹುದು.

ಊಟದ ಮಾತು ಬಂದರೆ ಎಲ್ಲರೂ ಸಿಹಿಯತ್ತ ಬೆರಳು ತೋರಿಸುತ್ತಾರೆ. ಹೃದಯ ವೈಫಲ್ಯದಲ್ಲಿ ಲೆಕ್ಕ ಇಡಬೇಕಾದದ್ದು ಉಪ್ಪನ್ನೂ. ಕುಚ್ಚಲಕ್ಕಿ ಗಂಜಿಯ ಜೊತೆ ಉಪ್ಪಿನಕಾಯಿ, ಮಳೆಗಾಲದಲ್ಲಿ ಒಣಮೀನು, ಭರಣಿಯಿಂದ ತೆಗೆದ ಉಪ್ಪಡ್ ಪಚ್ಚಿಲ್ ಎಂಬ ಉಪ್ಪುನೀರಿನ ಹಲಸಿನ ತೊಳೆ, ಸುಟ್ಟ ಹಪ್ಪಳ — ಕರಾವಳಿಯ ಬಡವರ ಊಟವೂ ಶ್ರೀಮಂತರ ಆಸೆಯೂ ಇವೇ. ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯವಂತರಿಗೆ ಹೇಳುವ ಮಿತಿಯೇ ದಿನಕ್ಕೆ 5 ಗ್ರಾಂ ಉಪ್ಪು. ಭಾರತೀಯರ ಸರಾಸರಿ 8 ಗ್ರಾಂ. ರಕ್ತದಲ್ಲಿ ಹೆಚ್ಚಿರುವ ಇನ್ಸುಲಿನ್ ಮೂತ್ರಪಿಂಡಕ್ಕೆ ಸೋಡಿಯಂ ಹಿಡಿದಿಡಲು ಹೇಳುವುದರಿಂದ ಸಕ್ಕರೆಯವರಲ್ಲಿ ಈ ಉಪ್ಪು ಇನ್ನಷ್ಟು ಉಳಿಯುತ್ತದೆ.

ಹಾಗಾದರೆ ಆಸ್ಪತ್ರೆಗಳಿಗೆ ಎಷ್ಟು ಹೆಂಗಸರು ತಲುಪುತ್ತಾರೆ? ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಎಸ್. ಹರಿಕೃಷ್ಣನ್ ನೇತೃತ್ವದಲ್ಲಿ 2013ರಲ್ಲಿ ಆ ಜಿಲ್ಲೆಯ 18 ಆಸ್ಪತ್ರೆಗಳು 1,205 ಹೃದಯ ವೈಫಲ್ಯದ ರೋಗಿಗಳನ್ನು ದಾಖಲಿಸಿದವು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಸಕ್ಕರೆ ಇತ್ತು. ಹೆಂಗಸರು 31%. ಆಮೇಲೆ ದೇಶದ 53 ಆಸ್ಪತ್ರೆಗಳಲ್ಲಿ 10,851 ರೋಗಿಗಳ ರಾಷ್ಟ್ರೀಯ ದಾಖಲೆ ಸಿದ್ಧವಾಯಿತು. ಅಲ್ಲಿಯೂ ಹೆಂಗಸರು 31%. ಗಂಡಸರಿಗೆ ಹಾರ್ಟ್ ಅಟ್ಯಾಕ್ ಹೆಚ್ಚು ಎಂಬುದು ಈ ಅಂತರದ ಒಂದು ಕಾರಣ ನಿಜ. ಅದೊಂದೇ ಕಾರಣ ಎಂದು ಒಪ್ಪುವುದು ಕಷ್ಟ. ಬಿಗಿದ ಹೃದಯದ ಕಾಯಿಲೆ ಸದ್ದಿಲ್ಲದೆ ಬರುವುದರಿಂದ, ಮನೆಯ ಖರ್ಚಿನಲ್ಲಿ ಅಮ್ಮನ ಆಸ್ಪತ್ರೆ ಕೊನೆಯ ಸಾಲಿನಲ್ಲಿರುವುದರಿಂದ ಎಷ್ಟೋ ಹೆಂಗಸರು ಈ ಪಟ್ಟಿಗಳ ಹೊರಗೇ ಉಳಿದಿರಬೇಕು.

ಮಂಗಳೂರಿನಲ್ಲಿ ಆಸ್ಪತ್ರೆಗಳಿಗೆ ಬರವಿಲ್ಲ. ಶಕ್ತಿನಗರದಿಂದ ಕಂಕನಾಡಿಯ ಫಾದರ್ ಮುಲ್ಲರ್ಸ್, ಹಂಪನಕಟ್ಟೆಯ ವೆನ್‌ಲಾಕ್ ಎಲ್ಲವೂ ಸಿಟಿ ಬಸ್ಸಿನ ದೂರದಲ್ಲಿವೆ. ಹಳ್ಳಿಗಳಿಗಾಗಿ ಇಲ್ಲಿನ ಹೃದ್ರೋಗ ತಜ್ಞ ಪದ್ಮನಾಭ ಕಾಮತ್ 2018ರಲ್ಲಿ 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ಶುರುಮಾಡಿದರು. ಹಳ್ಳಿಯ ವೈದ್ಯರಿಗೆ ಇಸಿಜಿ ಯಂತ್ರ ಕೊಟ್ಟು, ವಾಟ್ಸ್ಆ್ಯಪ್‌ನಲ್ಲಿ ಬಂದ ಇಸಿಜಿಯನ್ನು ತಜ್ಞರು ಕೂಡಲೇ ಓದಿ ಹೇಳುವ ವ್ಯವಸ್ಥೆ ಅದು. ಹಾರ್ಟ್ ಅಟ್ಯಾಕಿಗೆ ಅದು ಜೀವ ಉಳಿಸುವ ಕೆಲಸ. ಬಿಗಿದ ಹೃದಯ ಮಾತ್ರ ಇಸಿಜಿಯ ಗೆರೆಗಳಲ್ಲಿ ಸುಲಭಕ್ಕೆ ಸಿಕ್ಕಿಬೀಳುವುದಿಲ್ಲ. ಅದಕ್ಕೆ ಎಕೋ ಬೇಕು. ಎಕೋದಲ್ಲೂ ಇಎಫ್ ದಾಟಿ ಎಡ ಹೃತ್ಕರ್ಣ ಹಿಗ್ಗಿದೆಯೇ, ರಕ್ತ ತುಂಬುವಾಗಿನ ಒತ್ತಡ ಏರಿದೆಯೇ ಎಂದು ನೋಡಬೇಕು. ಎನ್‌ಟಿ–ಪ್ರೊಬಿಎನ್‌ಪಿ ಎಂಬ ರಕ್ತಪರೀಕ್ಷೆ ನೆರವಾಗುತ್ತದೆ, ಆದರೆ ದಪ್ಪ ಮೈಯವರಲ್ಲಿ ಅದರ ಮಟ್ಟ ಕಡಿಮೆಯೇ ಇರುತ್ತದೆ.

ಔಷಧದ ಕಡೆಯಿಂದ ಈ ಹತ್ತು ವರ್ಷಗಳಲ್ಲಿ ನಿಜವಾಗಿ ಒಳ್ಳೆಯ ಸುದ್ದಿ ಬಂದಿದೆ. ಮೂತ್ರದ ಮೂಲಕ ಗ್ಲೂಕೋಸನ್ನೂ ಜೊತೆಗೆ ಸೋಡಿಯಮನ್ನೂ ಹೊರಹಾಕಿಸುವ ಎಸ್‌ಜಿಎಲ್‌ಟಿ–2 ತಡೆಯುವ ಮಾತ್ರೆಗಳು ಸಕ್ಕರೆಗೆಂದು ಬಂದು ಹೃದಯಕ್ಕೆ ಆಸರೆಯಾದವು. 2015ರಲ್ಲಿ 7,020 ಸಕ್ಕರೆ ರೋಗಿಗಳ ಮೇಲಿನ ಪ್ರಯೋಗದಲ್ಲಿ ಎಂಪಾಗ್ಲಿಫ್ಲೋಜಿನ್, ಹೃದಯ ವೈಫಲ್ಯಕ್ಕಾಗಿ ಆಸ್ಪತ್ರೆ ಸೇರುವುದನ್ನು 35% ತಗ್ಗಿಸಿತು. ಬಿಗಿದ ಹೃದಯಕ್ಕೆ ದಶಕಗಳಿಂದ ಯಾವ ಔಷಧವೂ ಗೆದ್ದಿರಲಿಲ್ಲ. 2021ರಲ್ಲಿ ಅದೇ ಮಾತ್ರೆ 5,988 ಮಂದಿಯ ಪ್ರಯೋಗದಲ್ಲಿ ಗೆದ್ದಿತು, ಮತ್ತು ಅವರಲ್ಲಿ 45% ಹೆಂಗಸರಿದ್ದರು. ಭಾರತದಲ್ಲಿ ಇದೇ ಗುಂಪಿನ ಡಾಪಾಗ್ಲಿಫ್ಲೋಜಿನ್‌ನ ಪೇಟೆಂಟ್ 2020ರಲ್ಲಿ, ಎಂಪಾಗ್ಲಿಫ್ಲೋಜಿನ್‌ನದು 2025ರಲ್ಲಿ ಮುಗಿದು, ಬೆಲೆ ಬಡವರ ಕೈಗೆಟುಕುವಷ್ಟು ಇಳಿದಿದೆ.

ಇಲ್ಲಿಯೂ ಹೆಂಗಸರ ಪಾಲಿಗೆ ಒಂದು ತೊಡಕಿದೆ. ಮೂತ್ರದಲ್ಲಿ ಸಕ್ಕರೆ ಹೋಗುವುದರಿಂದ ಜನನಾಂಗದ ಜಾಗದಲ್ಲಿ ಶಿಲೀಂಧ್ರದ ಸೋಂಕು, ತುರಿಕೆ ಬರಬಹುದು. 2015ರ ಪ್ರಯೋಗದಲ್ಲಿ ಅದು ಗಂಡಸರಲ್ಲಿ 5%, ಹೆಂಗಸರಲ್ಲಿ 10%. ಬೆವರಿನ ಕರಾವಳಿಯಲ್ಲಿ ಇದು ಸಣ್ಣ ಕಿರಿಕಿರಿಯಲ್ಲ. ಗಂಡು ಡಾಕ್ಟರ ಎದುರು, ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ಹೇಳಲು ಎಷ್ಟು ಅಮ್ಮಂದಿರಿಗೆ ಬಾಯಿ ಬಂದೀತು? ಮಾತ್ರೆ ಸದ್ದಿಲ್ಲದೆ ನಿಂತುಹೋಗುತ್ತದೆ. ಕೆಲವು ದಿನದ ಮುಲಾಮಿಗೆ ವಾಸಿಯಾಗುವ ಸೋಂಕು ಅದು. ಮಾತ್ರೆ ಬರೆಯುವಾಗಲೇ ನರ್ಸ್ ಒಬ್ಬರು ಬೇರೆ ಕರೆದು ಹೇಳಿಬಿಟ್ಟರೆ ಹೃದಯದ ಔಷಧ ಉಳಿಯುತ್ತದೆ. ಇದಕ್ಕೆ ವಿರುದ್ಧವಾಗಿ, ಪಯೋಗ್ಲಿಟಜೋನ್ ಎಂಬ ಅಗ್ಗದ ಸಕ್ಕರೆ ಮಾತ್ರೆ ಮೈಯಲ್ಲಿ ನೀರು ನಿಲ್ಲಿಸುತ್ತದೆ, ಹೆಂಗಸರಲ್ಲಿ ಮೂಳೆ ಮುರಿತವನ್ನೂ ಹೆಚ್ಚಿಸುತ್ತದೆ. ಎರಡು ಮೂರು ಔಷಧ ಸೇರಿಸಿದ ಗುಳಿಗೆಯಲ್ಲಿ ಅದು ಅಡಗಿರಬಹುದಾದ್ದರಿಂದ ಹೃದಯ ವೈಫಲ್ಯವಿರುವವರ ಮನೆಯಲ್ಲಿ ಸ್ಟ್ರಿಪ್ಪಿನ ಹಿಂಬದಿಯ ಸಣ್ಣ ಅಕ್ಷರ ಓದಬೇಕು.

ಇನ್ನು ಉಳಿದದ್ದು ಪ್ರಮಾಣದ ಪ್ರಶ್ನೆ. ಪಂಪಿಂಗ್ ಕುಗ್ಗಿದವರ ಔಷಧಗಳನ್ನು ಪರೀಕ್ಷಿಸಿದ ದೊಡ್ಡ ಪ್ರಯೋಗಗಳಲ್ಲಿ ಹೆಂಗಸರು ಸುಮಾರು ಕಾಲುಭಾಗ ಮಾತ್ರ. 2019ರ ಡಾಪಾ–ಎಚ್‌ಎಫ್ ಪ್ರಯೋಗದಲ್ಲೂ 23%. ಅದೇ ವರ್ಷ ಯುರೋಪಿನ 11 ದೇಶಗಳ ರೋಗಿಗಳ ದಾಖಲೆ ನೋಡಿದ ಬಯೋಸ್ಟ್ಯಾಟ್ ತಂಡ ಒಂದು ಅನಿರೀಕ್ಷಿತ ಸಂಗತಿ ಪ್ರಕಟಿಸಿತು. ಬೀಟಾ ಬ್ಲಾಕರ್ ಮತ್ತು ಎಸಿಇ ತಡೆಯುವ ಮಾತ್ರೆಗಳಿಂದ ಗಂಡಸರಿಗೆ ಪೂರ್ತಿ ಪ್ರಮಾಣದಲ್ಲಿ ಸಿಗುವ ಲಾಭ ಹೆಂಗಸರಿಗೆ ಸುಮಾರು ಅರ್ಧ ಪ್ರಮಾಣದಲ್ಲೇ ಸಿಗುತ್ತಿತ್ತು. ಅದಕ್ಕಿಂತ ಏರಿಸಿದರೆ ಹೆಚ್ಚೇನೂ ಪ್ರಯೋಜನ ಕಾಣಲಿಲ್ಲ. ಭಾರತದ ರೋಗಿಗಳೂ ಇದ್ದ ಏಷ್ಯನ್–ಎಚ್‌ಎಫ್ ದಾಖಲೆಯಲ್ಲಿ ತಾಳೆ ನೋಡಿದಾಗಲೂ ಅದೇ ಚಿತ್ರ. ಮಾರ್ಗಸೂಚಿಗಳಲ್ಲಿ ಮಾತ್ರ ಇವತ್ತಿಗೂ 80 ಕಿಲೋ ತೂಕದ ಗಂಡಸಿಗೂ 45 ಕಿಲೋ ತೂಕದ ಹೆಂಗಸಿಗೂ ಗುರಿಯ ಮಿಲಿಗ್ರಾಂ ಒಂದೇ. ಅನುಭವಿ ವೈದ್ಯರು ಬಿಪಿ, ಪೊಟ್ಯಾಸಿಯಂ, ನಾಡಿ ನೋಡಿಕೊಂಡು ಚಿಕ್ಕ ಪ್ರಮಾಣದಿಂದ ಏರಿಸುತ್ತಾ ಹೋಗುತ್ತಾರೆ. ಹಾಸಿಗೆಯಿಂದ ಏಳುವಾಗ ತಲೆ ತಿರುಗಿದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕದೆ, ಮುಂದಿನ ಭೇಟಿಯಲ್ಲಿ ಮೊದಲ ಮಾತಾಗಿ ಅವರಿಗೆ ಹೇಳಬೇಕು.